ಕಂಪ್ಯೂಟರ್ ಆಟಗಳಲ್ಲಿ ಸರೌಂಡ್ ಸೌಂಡ್: ಸೌಂಡ್ ಕಾರ್ಡ್‌ಗಳ ಚರಿತ್ರೆ

ಸಿನಿಮಾದಲ್ಲಿ ಯಾವ ಸದ್ದು ಯಾವ ಮೂಲೆಯಿಂದ ಬರಬೇಕೆಂಬುದು ಮೊದಲೇ ನಿಗದಿಯಾಗಿ ಮುದ್ರಿತವಾಗಿರುತ್ತದೆ. ಆಟದಲ್ಲಿ ಅದು ಸಾಧ್ಯವಿಲ್ಲ. ಬೆನ್ನ ಹಿಂದೆ ಕೇಳಿದ ಹೆಜ್ಜೆಸಪ್ಪಳ, ಆಡುವವರು ಮೌಸ್ ಹೊರಳಿಸಿದೊಡನೆ ಎದುರಿಗೆ ಬರಬೇಕು. ಹೀಗೆ ಪ್ರತಿ ಸದ್ದಿನ ದಿಕ್ಕನ್ನೂ ಆಟ ನಡೆಯುತ್ತಿರುವಾಗಲೇ ಲೆಕ್ಕಹಾಕುವುದು 1990ರ ದಶಕದ ಪ್ರೊಸೆಸರ್‌ಗಳಿಗೆ ಭಾರವಾಗಿತ್ತು. ಆ ಹೊರೆಯನ್ನು ಹೊತ್ತದ್ದು ಸೌಂಡ್ ಕಾರ್ಡ್.

1987ರ ಆಡ್‌ಲಿಬ್ ಕಾರ್ಡಾಗಲಿ, ಸಿಂಗಪುರದ ಕ್ರಿಯೇಟಿವ್ ಸಂಸ್ಥೆ 1989ರಲ್ಲಿ ತಂದ ಸೌಂಡ್ ಬ್ಲಾಸ್ಟರ್ ಆಗಲಿ ಬಹುಮಟ್ಟಿಗೆ ಒಂದೇ ಚಾನೆಲ್ಲಿನವು. ಮುಂದೆ ಸ್ಟೀರಿಯೊ ಬಂದರೂ ಸದ್ದು ಎಡಬಲಕ್ಕಷ್ಟೇ ಸೀಮಿತ. ಮೈಕ್ರೋಸಾಫ್ಟ್‌ನ ಡೈರೆಕ್ಟ್‌ಸೌಂಡ್3ಡಿ ಬಂದ ಮೇಲೆ ಆಟವು ಸದ್ದಿನ ಸ್ಥಾನವನ್ನು ಮಾತ್ರ ತಿಳಿಸಿ, ಉಳಿದ ಗಣಿತವನ್ನು ಕಾರ್ಡಿಗೆ ಬಿಡುವುದು ಸಾಧ್ಯವಾಯಿತು.

ಇಲ್ಲಿ ದಾರಿ ಎರಡಾಯಿತು. ಅಮೆರಿಕದ ಆರಿಯಲ್ ಸಂಸ್ಥೆ ನಂಬಿದ್ದು ಎರಡು ಕಿವಿಗಳನ್ನು. ಬಲಗಡೆಯ ಸದ್ದು ಎಡಗಿವಿಗೆ ಮುಟ್ಟುವಾಗ ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ತಡವಾಗುತ್ತದೆ; ತಲೆ ಅಡ್ಡವಿರುವುದರಿಂದ ಕೀಚು ಸ್ವರಗಳು ಕುಗ್ಗುತ್ತವೆ; ಹೊರಕಿವಿಯ ಮಡಿಕೆಗಳು ಮುಂದಿನ, ಹಿಂದಿನ, ಮೇಲಿನ ಸದ್ದುಗಳಿಗೆ ಬೇರೆಬೇರೆ ಬಣ್ಣ ಕೊಡುತ್ತವೆ. ನಾಸಾದ ಏಮ್ಸ್ ಕೇಂದ್ರಕ್ಕಾಗಿ ನಡೆದ ಸಂಶೋಧನೆಯಲ್ಲಿ ಬೇರಿದ್ದ ಎ3ಡಿ ತಂತ್ರ, 1997ರಿಂದ ಇದೆಲ್ಲವನ್ನೂ ಚಿಪ್ಪಿನಲ್ಲೇ ಅನುಕರಿಸಿ ಹೆಡ್‌ಫೋನಿಗೆ ಕಳಿಸತೊಡಗಿತು. ಮರುವರ್ಷದ ಎರಡನೆಯ ಆವೃತ್ತಿ, ಆಟದ ಗೋಡೆಗಳ ನಕಾಶೆಯನ್ನೇ ತೆಗೆದುಕೊಂಡು ಸದ್ದು ಎಲ್ಲಿ ತಡೆಯಾಗುತ್ತದೆ, ಎಲ್ಲಿ ಮಾರ್ದನಿಸುತ್ತದೆ ಎಂದು ಲೆಕ್ಕಹಾಕುತ್ತಿತ್ತು. ಆ ಕಾಲಕ್ಕೆ ಇದು ನಿಜಕ್ಕೂ ಎದೆಗಾರಿಕೆಯ ಕೆಲಸ.

ಕ್ರಿಯೇಟಿವ್‌ನ ಸೌಂಡ್ ಬ್ಲಾಸ್ಟರ್ ಲೈವ್! (1998) ನಾಲ್ಕು ಸ್ಪೀಕರ್‌ಗಳನ್ನು ನೆಚ್ಚಿತು. ಗೋಡೆಗಳ ಗೊಡವೆಗೆ ಹೋಗದೆ, ಇಎಎಕ್ಸ್ ಹೆಸರಿನಲ್ಲಿ 26 ಸಿದ್ಧ ಪರಿಸರಗಳ ಅನುರಣನ ಒದಗಿಸಿತು: ಗುಹೆ, ಬಚ್ಚಲುಮನೆ, ಸಭಾಂಗಣ, ಚರಂಡಿ ಕೊಳವೆ. ತಲೆಸುತ್ತು ಬಂದವರ ಕಿವಿಗೆ ಕೇಳುವಂಥದ್ದೂ ಅದರಲ್ಲೊಂದು! ಸರಳವಾದುದರಿಂದ ಆಟ ತಯಾರಕರಿಗೆ ಇದೇ ಹಿಡಿಸಿತು.

ಪೇಟೆಂಟ್ ವಿಚಾರವಾಗಿ ಕ್ರಿಯೇಟಿವ್ ಹೂಡಿದ ದಾವೆಯಲ್ಲಿ 1999ರಲ್ಲಿ ಆರಿಯಲ್ ಗೆದ್ದಿತು. ಆದರೆ ಖರ್ಚಿನಡಿ ಸಿಲುಕಿ 2000ದಲ್ಲಿ ದಿವಾಳಿಯೆದ್ದಿತು. ಅದರ ಆಸ್ತಿಯನ್ನು ಕೊಂಡದ್ದು ಸೋತ ಕ್ರಿಯೇಟಿವ್ವೇ.

ಮುಂದೆ 5.1, 7.1 ಸ್ಪೀಕರ್ ಜೋಡಣೆಗಳು ಬಂದವು. ಕಾರ್ಡಿನ ಹಿಂದೆ ಹಸಿರು, ಕಪ್ಪು, ಕಿತ್ತಳೆ, ಬೂದು ಬಣ್ಣದ ಕಿಂಡಿಗಳು ಸಾಲುಗಟ್ಟಿದವು. ಕ್ರಿಯೇಟಿವ್‌ನ 2005ರ ಎಕ್ಸ್-ಫೈ ಕಾರ್ಡ್ ಏಕಕಾಲಕ್ಕೆ 128 ಸದ್ದುಗಳನ್ನು ನಿಭಾಯಿಸುತ್ತಿತ್ತು. ಎರಡೇ ವರ್ಷದಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ಟಾ, ಡೈರೆಕ್ಟ್‌ಸೌಂಡ್ ನೇರವಾಗಿ ಕಾರ್ಡನ್ನು ಮುಟ್ಟುವ ದಾರಿಯನ್ನೇ ಮುಚ್ಚಿತು. ಹಳೆಯ ಆಟಗಳನ್ನು ಓಪನ್‌ಎಎಲ್ ಎಂಬ ಬೇರೊಂದು ಮಾರ್ಗಕ್ಕೆ ತಿರುಗಿಸಲು ಕ್ರಿಯೇಟಿವ್ ಆಲ್ಕೆಮಿ ಎಂಬ ತಂತ್ರಾಂಶವನ್ನು ಕೊಡಬೇಕಾಯಿತು. ಅಷ್ಟರಲ್ಲಿ ಪ್ರೊಸೆಸರ್‌ಗಳೂ ಬಲಿತಿದ್ದವು, ಮದರ್‌ಬೋರ್ಡಿನ ಚಿಪ್ಪೇ ಹೆಚ್ಚಿನವರಿಗೆ ಸಾಕಾಗಿತ್ತು.

ಆರಿಯಲ್‌ನ ದಾರಿ ಈಗ ಮರಳಿದೆ: ವಾಲ್ವ್‌ನ ಸ್ಟೀಮ್ ಆಡಿಯೋ (2017), ಸೋನಿ ಪ್ಲೇಸ್ಟೇಷನ್ 5ರ ಟೆಂಪೆಸ್ಟ್ (2020). ಹಳೆಯ ತೊಡಕೂ ಜೊತೆಗೇ ಬಂದಿದೆ. ಒಬ್ಬೊಬ್ಬರ ಕಿವಿಯ ಆಕಾರ ಒಂದೊಂದು ಬಗೆ. ಸರಾಸರಿ ಕಿವಿಗೆ ಹೊಂದಿಸಿದ ಲೆಕ್ಕದಲ್ಲಿ ಕೆಲವರಿಗೆ ಮುಂದಿನ ಸದ್ದು ಹಿಂದಿನಿಂದ ಬಂದಂತೆ ಕೇಳುತ್ತದೆ. ಅದಕ್ಕೇ ಸೋನಿ ಆರಂಭದಲ್ಲೇ ಐದು ಮಾದರಿಗಳನ್ನು ಮುಂದಿಟ್ಟು, ಆಟಗಾರರೇ ಕೇಳಿ ಆರಿಸಿಕೊಳ್ಳಲೆಂದು ಬಿಟ್ಟಿತು.