ಮನೆಯ ಸೌರ ಘಟಕ: ಗ್ರಿಡ್‌ಗೆ ನೀಡಿದ ವಿದ್ಯುತ್ತಿನ ಜಮೆ ಮತ್ತು ಉಳಿತಾಯ

ರಾಜ್ಯದಲ್ಲಿ ನೆಟ್ ಮೀಟರಿಂಗ್ ಪದ್ಧತಿಯಡಿ ಅಳವಡಿಸಲಾಗುವ ದ್ವಿಮುಖ ಮಾಪಕವು, ಗ್ರಿಡ್‌ನಿಂದ ಪಡೆದ ಹಾಗೂ ಗ್ರಿಡ್‌ಗೆ ನೀಡಿದ ಯೂನಿಟ್‌ಗಳನ್ನು ಪ್ರತ್ಯೇಕವಾಗಿ ದಾಖಲಿಸುತ್ತದೆ. ಹಗಲಿನಲ್ಲಿ ಮನೆಯೊಳಗೇ ಬಳಕೆಯಾದ ಸೌರ ವಿದ್ಯುತ್ತು ಈ ಮಾಪಕದಲ್ಲಿ ಕಾಣಿಸುವುದಿಲ್ಲ. ಆದಾಗ್ಯೂ ಅದು ಪೂರ್ಣ ಉಳಿತಾಯವೇ ಆಗಿರುತ್ತದೆ.

ಉದಾಹರಣೆಗೆ, ಬಿಲ್ಲಿನ ಅವಧಿಯಲ್ಲಿ ಗ್ರಾಹಕರು 180 ಯೂನಿಟ್ ಪಡೆದು 240 ಯೂನಿಟ್ ನೀಡಿದ್ದಲ್ಲಿ, 180 ಯೂನಿಟ್‌ಗಳು ಪರಸ್ಪರ ವಜಾ ಆಗುತ್ತವೆ. 2025-26ನೇ ಸಾಲಿನ ಗೃಹಬಳಕೆ ದರವಾದ ರೂ. 5.80ರಂತೆ ಉಳಿತಾಯ ರೂ. 1,044. ಹೆಚ್ಚುವರಿ 60 ಯೂನಿಟ್‌ಗಳಿಗೆ ಮಾತ್ರ, ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ನಿಗದಿಪಡಿಸಿ ಒಪ್ಪಂದದಲ್ಲಿ ನಮೂದಿಸಲಾದ ದರ ಅನ್ವಯಿಸುತ್ತದೆ. ಸಾಮಾನ್ಯವಾಗಿ ಇದು ಬಳಕೆ ದರಕ್ಕಿಂತ ಕಡಿಮೆ. ಆದುದರಿಂದ ಮಾರಾಟದ ಆದಾಯವನ್ನೇ ನೆಚ್ಚಿ ಅಗತ್ಯಕ್ಕಿಂತ ದೊಡ್ಡ ಘಟಕ ಅಳವಡಿಸುವುದು ಲಾಭದಾಯಕವಲ್ಲ. 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯ ಸಹಾಯಧನವೂ 3 ಕಿಲೋವ್ಯಾಟ್‌ಗೆ ರೂ. 78,000 ತಲುಪಿದ ನಂತರ ಹೆಚ್ಚುವುದಿಲ್ಲ.

ಮಂಜೂರಾದ ವಿದ್ಯುತ್ ಹೊರೆಯ ಮೇಲಿನ ನಿಗದಿತ ಶುಲ್ಕವು ವಜಾ ಆಗುವುದಿಲ್ಲ. ಗೃಹಜ್ಯೋತಿ ಯೋಜನೆಯಡಿ ಈಗಾಗಲೇ ಶೂನ್ಯ ಬಿಲ್ಲು ಪಡೆಯುತ್ತಿರುವ ಕುಟುಂಬಗಳಿಗೆ ವಜಾ ಮಾಡಬೇಕಾದ ಮೊತ್ತವೇ ಇಲ್ಲದಿರುವುದರಿಂದ, ಅಂತಹ ಅರ್ಜಿದಾರರು ಸಾಲ ಪಡೆಯುವ ಮುನ್ನ ಹಿಂದಿನ ಹನ್ನೆರಡು ತಿಂಗಳ ಬಿಲ್ಲುಗಳನ್ನು ಪರಿಶೀಲಿಸತಕ್ಕದ್ದು.