ಮಲೆನಾಡಿನ ‘ಟೊಪ್ಪಿ ಜೇಡ’: ಹೊಸ ಪ್ರಭೇದ ಅಂದರೆ ನಿಜಕ್ಕೂ ಏನು?

ಒಣಗಿ ಮುದುಡಿದ ಎಲೆಯಂತೆ ಕಾಣುವ ಕಂದು ಬಣ್ಣದ ಒಂದು ಜೇಡದ ಫೋಟೊ ನಿಮ್ಮ ಮೊಬೈಲಿಗೂ ಬಂದಿರಬಹುದು. ಹೊಟ್ಟೆಯ ಭಾಗ ಹಿಂದಕ್ಕೆ ಚೂಪಾಗಿ ಎದ್ದು, ತುದಿಯಲ್ಲಿ ಸೊಟ್ಟಗೆ ಬಾಗಿರುತ್ತದೆ. ನೋಡಿದರೆ ಹಳೆಯ ಕಾಲದ ಮಂತ್ರವಾದಿಯ ಟೊಪ್ಪಿಯ ನೆನಪಾಗುತ್ತದೆ. ಹೆಸರು ಇಟ್ಟವರಿಗೂ ಹಾಗೇ ಅನಿಸಿತ್ತು.

ಫೋಟೊ ನಿಜ, ಜೇಡವೂ ನಿಜ. ಅದು ಸಿಕ್ಕಿದ್ದು ನಮ್ಮ ಶಿವಮೊಗ್ಗ ಜಿಲ್ಲೆಯ ಕಾನು ಕಾಡಿನಲ್ಲಿ. ಜಾವೇದ್ ಅಹ್ಮದ್, ರಾಜಶ್ರೀ ಖಲಾಪ್ ಮತ್ತು ಸುಮುಖ ಜವಗಲ್ ಇದರ ವಿವರವನ್ನು 2016ರಲ್ಲಿ ‘ಇಂಡಿಯನ್ ಜರ್ನಲ್ ಆಫ್ ಅರಾಕ್ನಾಲಜಿ’ಯಲ್ಲಿ ಪ್ರಕಟಿಸಿದರು. ವೈಜ್ಞಾನಿಕ ಹೆಸರು ಎರಿಯೋವಿಕ್ಸಿಯಾ ಗ್ರಿಫಿಂಡೋರಿ. ಹ್ಯಾರಿ ಪಾಟರ್ ಕಥೆಗಳಲ್ಲಿ ಮಕ್ಕಳನ್ನು ಬೇರೆ ಬೇರೆ ಮನೆಗಳಿಗೆ ಹಂಚುವ ಮಾಯಾ ಟೊಪ್ಪಿಯೊಂದು ಬರುತ್ತದಲ್ಲ, ಅದರ ಮೂಲ ಒಡೆಯ ಗ್ರಿಫಿಂಡೋರ್ ಎಂಬ ಪಾತ್ರ. ಹೆಸರು ಬಂದದ್ದು ಅಲ್ಲಿಂದ. 2017ರಲ್ಲಿ ಅಮೆರಿಕದ ಸಂಸ್ಥೆಯೊಂದು ಹಿಂದಿನ ವರ್ಷದ ಹತ್ತು ಗಮನಾರ್ಹ ಹೊಸ ಪ್ರಭೇದಗಳ ಪಟ್ಟಿ ಮಾಡಿದಾಗ ಇದೂ ಅದರಲ್ಲಿತ್ತು.

ಇಲ್ಲಿಂದ ಮುಂದೆಯೇ ಫಾರ್ವರ್ಡ್‌ಗಳು ದಾರಿ ತಪ್ಪುವುದು. ‘ಹೊಸ ಜೇಡ’ ಎಂದ ಕೂಡಲೇ ಎಲ್ಲಿಂದಲೋ ಹೊಸದಾಗಿ ಬಂದದ್ದು, ಈಗ ಹುಟ್ಟಿಕೊಂಡದ್ದು, ಹಾಗಾಗಿ ಅಪಾಯಕಾರಿ ಎಂದು ಓದುವವರಿಗೆ ಅನಿಸುತ್ತದೆ. ಇದರಲ್ಲಿ ಯಾವುದೂ ನಿಜವಲ್ಲ. ಈ ಜೇಡ ನಮ್ಮ ಅಜ್ಜಂದಿರ ಕಾಲದಲ್ಲೂ ಅದೇ ಕಾಡಿನಲ್ಲಿತ್ತು. ಹೊಸದು ಏನಿದ್ದರೂ ಅದರ ಹೆಸರು ಮತ್ತು ನಮ್ಮ ತಿಳಿವಳಿಕೆ.

ಹಾಗಾದರೆ ಒಂದು ಜೇಡವನ್ನು ‘ಹೊಸದು’ ಎಂದು ಹೇಳುವುದು ಹೇಗೆ? ಫೋಟೊ ನೋಡಿ ಹೇಳಲಾಗುವುದಿಲ್ಲ. ಒಂದೇ ಜಾತಿಯ ಜೇಡಗಳಲ್ಲಿ ಬಣ್ಣ ಬೇರೆ ಬೇರೆ ಇರುತ್ತದೆ, ಮರಿಗೂ ದೊಡ್ಡದಕ್ಕೂ ವ್ಯತ್ಯಾಸ ಇರುತ್ತದೆ, ಗಂಡು ಹೆಣ್ಣುಗಳಂತೂ ಬಲೆ ಹೆಣೆಯುವ ಎಷ್ಟೋ ಜೇಡಗಳಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲವೇನೋ ಎನ್ನುವಷ್ಟು ಬೇರೆ. ಅದಕ್ಕೇ ತಜ್ಞರು ಬಣ್ಣವನ್ನು ಅಷ್ಟಾಗಿ ನಂಬುವುದಿಲ್ಲ. ಅವರು ಸೂಕ್ಷ್ಮದರ್ಶಕದಡಿ ನೋಡುವುದು ಜನನಾಂಗದ ರಚನೆಯನ್ನು. ಬಲಿತ ಹೆಣ್ಣು ಜೇಡದ ಹೊಟ್ಟೆಯ ಕೆಳಗೆ ಗಟ್ಟಿಯಾದ ಒಂದು ಪುಟ್ಟ ಫಲಕ ಇರುತ್ತದೆ. ಗಂಡಿನಲ್ಲಿ ಬಾಯಿಯ ಪಕ್ಕದ ಮೋಟು ಕಾಲಿನಂಥ ಅಂಗದ ತುದಿ. ಬಹುತೇಕ ಜಾತಿಗಳಲ್ಲಿ ಇವುಗಳ ಆಕಾರ ಪ್ರತ್ಯೇಕ, ಬೀಗಕ್ಕೆ ಅದರದೇ ಕೀಲಿ ಇರುವ ಹಾಗೆ. ಟೊಪ್ಪಿ ಜೇಡದ ವಿವರಣೆಗೂ ಆಧಾರ ಹೆಣ್ಣು ಜೇಡವೇ. ಅದರ ಇಡೀ ಮೈ ಒಂದು ಸೆಂಟಿಮೀಟರಿಗಿಂತ ಚಿಕ್ಕದು, ಅದರಲ್ಲಿ ಆ ಫಲಕ ಎಷ್ಟಿರಬಹುದು ಎಂದು ನೀವೇ ಲೆಕ್ಕ ಹಾಕಿ.

ಆಮೇಲೆ ಶುರುವಾಗುವುದು ಹಳೆಯ ದಾಖಲೆಗಳ ಹುಡುಕಾಟ. ಜೇಡಗಳ ಅಧಿಕೃತ ಹೆಸರುಗಳು 1757ರಷ್ಟು ಹಿಂದಿನವು. ಆ ವರ್ಷ ಸ್ವೀಡನ್ನಿನ ಕಾರ್ಲ್ ಕ್ಲರ್ಕ್ ಬರೆದ ಪುಸ್ತಕದಿಂದ ಲೆಕ್ಕ ಶುರು. (ಉಳಿದ ಪ್ರಾಣಿಗಳಿಗೆಲ್ಲ ಲಿನೇಯಸ್‌ನ 1758ರ ಪುಸ್ತಕವೇ ಆರಂಭ. ಜೇಡಗಳಿಗೆ ಮಾತ್ರ ಒಂದು ವರ್ಷ ಮುಂಚೆ!) ಅಂದಿನಿಂದ ಯಾರಾದರೂ, ಯಾವುದಾದರೂ ದೇಶದಲ್ಲಿ, ಇದೇ ಜೇಡಕ್ಕೆ ಆಗಲೇ ಹೆಸರಿಟ್ಟಿದ್ದಾರೆಯೇ ಎಂದು ನೋಡಬೇಕು. 2022ರಲ್ಲಿ ಜಗತ್ತಿನ ಜೇಡಗಳ ಪಟ್ಟಿ 50,000 ದಾಟಿತು. ಎಲ್ಲವನ್ನೂ ಹೋಲಿಸಬೇಕಿಲ್ಲ, ಅದೇ ಕುಲದ ಹತ್ತಿರದ ಸಂಬಂಧಿಗಳನ್ನು ಹೋಲಿಸಿದರೆ ಸಾಕು. ಆದರೂ ಅದು ತಿಂಗಳುಗಟ್ಟಲೆ ಹಿಡಿಯಬಹುದಾದ ಕೆಲಸ. ಎಲ್ಲಿಯೂ ತಾಳೆಯಾಗದಿದ್ದರೆ ಅಳತೆ, ಚಿತ್ರ, ಸಿಕ್ಕ ಜಾಗ ಎಲ್ಲವನ್ನೂ ಬರೆದು ಪ್ರಕಟಿಸುತ್ತಾರೆ. ಹೆಸರು ಯಾವ ಜೇಡಕ್ಕೆ ಇಟ್ಟದ್ದೋ ಆ ಒಂದು ಜೇಡವನ್ನು ಆಲ್ಕೋಹಾಲಿನಲ್ಲಿ ಕೆಡದಂತೆ ಇಡುತ್ತಾರೆ. ‘ಪಾಪ, ಅದನ್ನು ಯಾಕೆ ಕೊಲ್ಲಬೇಕು?’ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ನಾಳೆ ಯಾರಿಗಾದರೂ ಅನುಮಾನ ಬಂದರೆ ತೆಗೆದು ನೋಡಲು ಮೂಲ ಇರಬೇಕಲ್ಲ.

ಇನ್ನು ವಿಷದ ಮಾತು. ಜೇಡಗಳಲ್ಲಿ ಬಹುಪಾಲು ಎಲ್ಲಕ್ಕೂ ವಿಷ ಇದೆ, ಆದರೆ ಅದು ಇರುವುದು ನೊಣ, ಸೊಳ್ಳೆ, ಪತಂಗಗಳಿಗಾಗಿ. ಟೊಪ್ಪಿ ಜೇಡ ಸೇರಿರುವುದು ಚಕ್ರದಂಥ ಬಲೆ ಹೆಣೆಯುವ ಜೇಡಗಳ ಕುಟುಂಬಕ್ಕೆ. ಇವು ಮನುಷ್ಯರನ್ನು ಕಚ್ಚುವುದೇ ಅಪರೂಪ; ಕಚ್ಚಿದರೂ ಸಾಮಾನ್ಯವಾಗಿ ಸ್ವಲ್ಪ ಉರಿ, ಊತ, ಅಷ್ಟೇ. ಟೊಪ್ಪಿ ಜೇಡವಂತೂ ಹಗಲೆಲ್ಲ ತರಗೆಲೆಯ ವೇಷದಲ್ಲಿ ಅಲುಗಾಡದೆ ಇದ್ದು, ಕತ್ತಲಾದ ಮೇಲೆ ಬೇಟೆಗೆ ಇಳಿಯುವ ಜೀವಿ. ಹಕ್ಕಿಯ ಕಣ್ಣಿಗೆ ಬೀಳದಿರುವುದೇ ಅದಕ್ಕೆ ದೊಡ್ಡ ಚಿಂತೆ. ನಿಮ್ಮ ಸುದ್ದಿಗೆ ಅದು ಯಾಕೆ ಬಂದೀತು?

ವೈಜ್ಞಾನಿಕ ಹೆಸರು ಇದ್ದ ಮಾತ್ರಕ್ಕೆ ಫಾರ್ವರ್ಡ್ ನಿಜವಾಗುವುದಿಲ್ಲ ಎನ್ನುವುದಕ್ಕೂ ಜೇಡದ್ದೇ ಉದಾಹರಣೆ ಇದೆ. ಟಾಯ್ಲೆಟ್ ಸೀಟಿನ ಕೆಳಗೆ ಅಡಗಿ ಕಚ್ಚಿ ಸಾಯಿಸುವ ಜೇಡವೊಂದಿದೆ ಎಂದು 1999ರಲ್ಲಿ ಅಮೆರಿಕದಲ್ಲಿ ಒಂದು ಇಮೇಲ್ ಹರಿದಾಡಿತು. ಜೇಡವೂ ಕಟ್ಟುಕಥೆ, ಅದರ ಲ್ಯಾಟಿನ್ ಹೆಸರೂ ಕಟ್ಟುಕಥೆ. ಸುಳ್ಳು ಹೊರಬಿದ್ದ ಮೇಲೂ 2002ರಲ್ಲಿ ಅದೇ ಕಥೆ ಮತ್ತೆ ಬಂತು, ಈ ಸಲ ನಿಜವಾದ ಹೆಸರಿನ ಜೊತೆ: ಟೆಲಮೋನಿಯಾ ಡಿಮಿಡಿಯಾಟಾ. ಅದು ನಮ್ಮ ದೇಶದಲ್ಲೂ ಆಗ್ನೇಯ ಏಷ್ಯಾದಲ್ಲೂ ಗಿಡಗಳ ಎಲೆಯ ಮೇಲೆ ಓಡಾಡಿಕೊಂಡಿರುವ, ಯಾರ ತಂಟೆಗೂ ಹೋಗದ ಒಂದು ಜಿಗಿಯುವ ಜೇಡ. ಇಂದಿಗೂ ಆ ಸುಳ್ಳು ಆಗಾಗ ತಲೆ ಎತ್ತುತ್ತಲೇ ಇದೆ.

ಟೊಪ್ಪಿ ಜೇಡದ ಸುದ್ದಿಯಲ್ಲಿ ಹೆಚ್ಚಿನವರು ಹ್ಯಾರಿ ಪಾಟರ್ ಹೆಸರನ್ನಷ್ಟೇ ಹಿಡಿದುಕೊಂಡರು. ನನ್ನ ಮಟ್ಟಿಗೆ ಅದಕ್ಕಿಂತ ಮುಖ್ಯವಾದದ್ದು ‘ಕಾನು’ ಎಂಬ ಮಾತು. ಇಂಗ್ಲಿಷ್ ಸುದ್ದಿಗಳಲ್ಲಿ ಅದು ‘ಕಾನ್ಸ್ ಫಾರೆಸ್ಟ್’ ಆಗಿ, ಯಾವುದೋ ಊರಿನ ಹೆಸರಿನಂತೆ ಕೇಳಿಸಿತು. ಸೊರಬ, ಸಾಗರ, ಸಿದ್ದಾಪುರದ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ: ಬಯಲು, ಗದ್ದೆ, ತೋಟಗಳ ನಡುವೆ ದ್ವೀಪದಂತೆ ಉಳಿದ, ವರ್ಷವಿಡೀ ಹಸಿರಾಗಿರುವ ದಟ್ಟ ಕಾಡಿನ ತುಂಡು. ಒಳಗೆ ದೇವರ ಬನ, ನೀರಿನ ಸೆಲೆ, ಮರಕ್ಕೆ ಹಬ್ಬಿದ ಕಾಡು ಮೆಣಸಿನ ಬಳ್ಳಿ, ಬಗನಿ ಮರ. ಊರಿನವರು ಕಾನನ್ನು ಕಡಿಯದೆ, ಬೇಕಾದಷ್ಟನ್ನೇ ತಂದುಕೊಂಡು ಕಾದುಕೊಂಡು ಬಂದವರು. ಬ್ರಿಟಿಷರ ಕಾಲದ ಅರಣ್ಯಾಧಿಕಾರಿಗಳು 1868ರಲ್ಲೇ ಸೊರಬದ ಕಾನುಗಳ ಬಗ್ಗೆ ಪ್ರತ್ಯೇಕ ವರದಿ ಬರೆದಿದ್ದರು. ಆಮೇಲೆ ಊರಿನವರ ಹಿಡಿತ ತಪ್ಪಿತು, ಒತ್ತುವರಿ, ನೆಡುತೋಪು, ಮರ ಕಡಿತ ಎಲ್ಲವೂ ಸೇರಿ ಎಷ್ಟೋ ಕಾನುಗಳು ತೆಳುವಾದವು, ಕೆಲವು ಹೆಸರಷ್ಟೇ ಆಗಿ ಉಳಿದವು.

ಜೇಡಕ್ಕೆ ಹೆಸರಿದ್ದರೆ ಏನು, ಇಲ್ಲದಿದ್ದರೆ ಏನು ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಹೆಸರಿಲ್ಲದ ಜೀವಿ ಯಾವ ಪಟ್ಟಿಯಲ್ಲೂ ಸೇರುವುದಿಲ್ಲ. ಅಳಿವಿನಂಚಿನಲ್ಲಿದೆಯೇ ಎಂದು ಯಾರೂ ನೋಡುವುದಿಲ್ಲ, ಕಾಡು ಹೋದಾಗ ಏನು ಹೋಯಿತು ಎಂಬ ಲೆಕ್ಕಕ್ಕೂ ಅದು ಸಿಗುವುದಿಲ್ಲ. ಕೈಬೆರಳಿನ ಉಗುರಿನಷ್ಟಿರುವ ಜೇಡವೊಂದು 2016ರವರೆಗೆ ಆ ಸ್ಥಿತಿಯಲ್ಲಿತ್ತು.

ನಿಮ್ಮ ತೋಟದಲ್ಲೋ ಮನೆ ಹಿಂದಿನ ಬೇಲಿಯಲ್ಲೋ ವಿಚಿತ್ರ ಜೇಡ ಕಂಡರೆ ಹೊಡೆಯುವ ಮುಂಚೆ ಫೋಟೊ ತೆಗೆಯಿರಿ. ಮೇಲಿನಿಂದ ಒಂದು, ಪಕ್ಕದಿಂದ ಒಂದು, ಬಲೆ ಇದ್ದರೆ ಅದರದೂ ಒಂದು. ದಿನಾಂಕ, ಊರು ಬರೆದು ‘ಐನ್ಯಾಚುರಲಿಸ್ಟ್’ ಅಥವಾ ‘ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್’ಗೆ ಹಾಕಿದರೆ ತಿಳಿದವರು ನೋಡುತ್ತಾರೆ. ಫ್ಯಾಮಿಲಿ ಗ್ರೂಪಿಗೂ ಹಾಕಿ, ತಪ್ಪೇನಿಲ್ಲ. ‘ಎಚ್ಚರಿಕೆ, ಎಲ್ಲರಿಗೂ ಶೇರ್ ಮಾಡಿ’ ಎಂಬ ಸಾಲೊಂದನ್ನು ಮಾತ್ರ ಅಳಿಸಿ.