ಅನ್ನನಾಳ ಎಷ್ಟು ಆಳಕ್ಕೆ ಸುಟ್ಟಿದೆ?

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದ ಎಷ್ಟೋ ಮನೆಗಳಲ್ಲಿ ಸಾಬೂನನ್ನು ಮನೆಯಲ್ಲೇ ಮಾಡಿಕೊಳ್ಳುತ್ತಿದ್ದರು. ಅದಕ್ಕೆ ಬೇಕಾದ ಕಾಸ್ಟಿಕ್ ಸೋಡಾ ಕೈಗೆಟುಕುವಲ್ಲೇ ಇರುತ್ತಿತ್ತು. ಅದನ್ನು ನುಂಗಿ, ಅನ್ನನಾಳ ಕಿರಿದಾಗಿ, ನೀರೂ ಇಳಿಯದಾದ ಮಕ್ಕಳನ್ನು ಗಂಟಲು ತಜ್ಞ ಶೆವಲಿಯರ್ ಜಾಕ್ಸನ್ ಬಳಿಗೆ ಕರೆತರುತ್ತಿದ್ದರು. ಲೋಹದ ಕೊಳವೆ ಇಳಿಸಿ ಒಳಗನ್ನು ಕಣ್ಣಾರೆ ನೋಡುವುದರಲ್ಲಿ ಅವರು ನಿಸ್ಸೀಮರು. ಚಿಕಿತ್ಸೆಯ ಜೊತೆಗೆ ವರ್ಷಗಟ್ಟಲೆ ಸರ್ಕಾರದ ಬೆನ್ನು ಹತ್ತಿದ್ದರಿಂದ, ಇಂಥ ರಾಸಾಯನಿಕಗಳ ಮೇಲೆ ‘ವಿಷ’ ಎಂದು ಮುದ್ರಿಸಬೇಕೆಂಬ ಕಾನೂನು 1927ರಲ್ಲಿ ಬಂತು. ಈ ಕ್ಷೇತ್ರದ ಮೊದಲ ದೊಡ್ಡ ಗೆಲುವು ಕತ್ತರಿಯದಲ್ಲ, ಲೇಬಲ್ಲಿನದು.

ವಯಸ್ಕರ ಕತೆ ಬೇರೆ. ಮಗು ಒಂದು ಗುಟುಕಿಗೇ ಉಗುಳುತ್ತದೆ. ಮನನೊಂದು ಕುಡಿದ ದೊಡ್ಡವರಲ್ಲಿ ಒಳಹೋದ ಪ್ರಮಾಣ ಹೆಚ್ಚು, ಗಾಯವೂ ಆಳ. ನೀರಿನ ಬಾಟಲಿಯಲ್ಲಿ ತುಂಬಿಟ್ಟ ಟಾಯ್ಲೆಟ್ ಆಸಿಡ್ಡನ್ನು ನೀರೆಂದು ಕುಡಿದವರೂ ಇದ್ದಾರೆ.

ಕ್ಷಾರ ಅಂಗಾಂಶವನ್ನು ಕರಗಿಸುತ್ತ ಒಳಗೊಳಗೇ ಇಳಿಯುತ್ತದೆ. ಆಮ್ಲ ಮೇಲ್ಪದರವನ್ನು ಹೆಪ್ಪುಗಟ್ಟಿಸುತ್ತದೆ, ಆ ಹೆಪ್ಪೇ ಸ್ವಲ್ಪ ತಡೆಯಾಗುತ್ತದೆ. ಇದರಿಂದ ವೈದ್ಯರಲ್ಲಿ ಒಂದು ನಂಬಿಕೆ ಬೇರೂರಿತ್ತು: ಆಮ್ಲ ಅನ್ನನಾಳವನ್ನು ಸವರಿ ಹೋಗಿ ಜಠರವನ್ನಷ್ಟೇ ಕಚ್ಚುತ್ತದೆ ಎಂದು. ಅದನ್ನು ಅಲುಗಾಡಿಸಿದ್ದು ನಮ್ಮ ಚಂಡೀಗಢದ ಪಿಜಿಐ ವೈದ್ಯಕೀಯ ಸಂಸ್ಥೆ. ಶೌಕತ್ ಅಲಿ ಜರ್ಗರ್, ರಾಕೇಶ್ ಕೊಚ್ಛರ್ ಮೊದಲಾದವರು 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಮ್ಲ ಕುಡಿದ ಬಹುಪಾಲು ರೋಗಿಗಳ ಅನ್ನನಾಳವೂ ಸುಟ್ಟಿತ್ತು. ಭಾರತದ ಬಚ್ಚಲುಮನೆಗಳಲ್ಲಿ ಇರುವುದು ಹೆಚ್ಚಾಗಿ ಆಮ್ಲವೇ. ಪಶ್ಚಿಮದ ಪಠ್ಯಗಳಿಗೆ ಸಿಗದ ಅನುಭವ ಇಲ್ಲಿ ಸಿಕ್ಕಿತು ಎನ್ನಬಹುದು. 1991ರಲ್ಲಿ ಅದೇ ತಂಡ ಬಾಗುವ ಎಂಡೋಸ್ಕೋಪಿನಿಂದ ಗಾಯವನ್ನು ದರ್ಜೆಗಳಾಗಿ ವಿಂಗಡಿಸಿತು; ಗಾಯ ತೀವ್ರವಾದಷ್ಟೂ ದರ್ಜೆ ಮೇಲಕ್ಕೆ. ‘2ಎ’ವರೆಗಿನವರು ತೊಂದರೆ ಉಳಿಯದೆ ಗುಣವಾದರು, ‘2ಬಿ’ಯವರಲ್ಲಿ ಹೆಚ್ಚಿನವರಿಗೆ, ಮೂರನೆಯ ದರ್ಜೆಯಲ್ಲಿ ಬದುಕುಳಿದ ಎಲ್ಲರಿಗೂ ಅನ್ನನಾಳವೋ ಜಠರವೋ ಕಿರಿದಾಯಿತು. ಜರ್ಗರ್ ದರ್ಜೆ ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿದೆ.

ಮದ್ದುಗಳ ಇತಿಹಾಸ ಅಷ್ಟು ಹೆಮ್ಮೆಯದಲ್ಲ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿದರೆ ಅದೇ ದ್ರವ ಅನ್ನನಾಳವನ್ನು ಎರಡನೆಯ ಸಲ ಸುಡುತ್ತದೆ. ಕ್ಷಾರಕ್ಕೆ ನಿಂಬೆರಸ, ಆಮ್ಲಕ್ಕೆ ಸೋಡಾಪುಡಿ ಎನ್ನುವ ಮನೆಮದ್ದು ಒಳಗೇ ಶಾಖ ಎಬ್ಬಿಸಬಹುದು. ನಾಳ ಕಿರಿದಾಗದಿರಲೆಂದು ದಶಕಗಳ ಕಾಲ ಕೊಟ್ಟ ಸ್ಟೀರಾಯ್ಡಿನಿಂದ ಪ್ರಯೋಜನವಿಲ್ಲವೆಂದು ಮಕ್ಕಳ ಮೇಲೆ ನಡೆದ ಪ್ರಯೋಗವೊಂದು 1990ರಲ್ಲಿ ತೋರಿಸಿತು. 2014ರಲ್ಲಿ ಹೆಚ್ಚಿನ ಪ್ರಮಾಣದ ಸ್ಟೀರಾಯ್ಡಿನಿಂದ ‘2ಬಿ’ ಗಾಯದ ಮಕ್ಕಳಿಗೆ ಲಾಭವಾಯಿತೆಂಬ ವರದಿ ಬಂತು. ಎರಡೂ ಮಕ್ಕಳ ಮೇಲಿನ ಅಧ್ಯಯನಗಳೇ. ವಯಸ್ಕರ ವೈದ್ಯರು ಸಾಲ ತಂದ ಪುರಾವೆಯಲ್ಲಿ ನಿರ್ಧರಿಸಬೇಕಾಗಿದೆ.

ಎಂಡೋಸ್ಕೋಪಿಗೂ ಮಿತಿಯಿದೆ. ಅದು ಮೇಲ್ಮೈಯನ್ನು ನೋಡುತ್ತದೆ, ಗೋಡೆಯ ಆಳವನ್ನಲ್ಲ. ಕಪ್ಪಾಗಿ ಕಂಡಿದ್ದನ್ನು ಪೂರ್ತಿ ಸತ್ತಿದೆಯೆಂದು ಭಾವಿಸಿ ಉಳಿಸಬಹುದಾಗಿದ್ದ ಅನ್ನನಾಳವನ್ನೂ ತೆಗೆದದ್ದುಂಟು. ಪ್ಯಾರಿಸ್ಸಿನ ಸೇಂಟ್ ಲೂಯಿ ಆಸ್ಪತ್ರೆಯ ಶಸ್ತ್ರವೈದ್ಯರು ಸಿ.ಟಿ. ಸ್ಕ್ಯಾನಿನಲ್ಲಿ ಗೋಡೆಗೆ ರಕ್ತ ಹರಿಯುತ್ತಿದೆಯೇ ಎಂದು ನೋಡಿ ತೀರ್ಮಾನಿಸತೊಡಗಿದರು. 2019ರ ಅಂತಾರಾಷ್ಟ್ರೀಯ ಮಾರ್ಗಸೂಚಿಯೂ ತುರ್ತು ಹಂತದಲ್ಲಿ ಸಿ.ಟಿ.ಯನ್ನೇ ಮುಂದಿಟ್ಟಿತು.

ಜೀವ ಉಳಿದವರಿಗೆ ಎರಡನೆಯ ಅಧ್ಯಾಯ ಕೆಲವೇ ವಾರಗಳಲ್ಲಿ ತೆರೆಯುತ್ತದೆ. ಗಾಯ ಮಾಯುತ್ತ ನಾಳ ಕಿರಿದಾಗುತ್ತದೆ. ಮೊದಲು ರೊಟ್ಟಿ, ಆಮೇಲೆ ಅನ್ನ, ಕಡೆಗೆ ಗಂಜಿಯೂ ನಿಲ್ಲುತ್ತದೆ. ಜಠರದ ಹೊರಬಾಯಿ ಮುಚ್ಚಿಕೊಂಡರೆ ಉಂಡದ್ದೆಲ್ಲ ವಾಂತಿ. ಬಲೂನಿನಿಂದಲೋ ಬೂಜಿ ಎಂಬ ಸಲಾಕೆಯಿಂದಲೋ ನಾಳವನ್ನು ಮತ್ತೆ ಮತ್ತೆ ಹಿಗ್ಗಿಸಬೇಕು. ಅದಕ್ಕೂ ಬಗ್ಗದಿದ್ದರೆ ದೊಡ್ಡ ಕರುಳಿನ ತುಂಡನ್ನೋ ಜಠರವನ್ನೋ ಮೇಲಕ್ಕೆಳೆದು ಹೊಸ ಅನ್ನನಾಳ ಕಟ್ಟುತ್ತಾರೆ. ಮನಸ್ಸಿನ ಚಿಕಿತ್ಸೆ ಇದರ ಪಕ್ಕದಲ್ಲೇ ನಡೆಯಬೇಕು, ಮನೋವೈದ್ಯರು ಮೊದಲ ವಾರದಿಂದಲೇ ತಂಡದಲ್ಲಿರಬೇಕು. 2022ರಲ್ಲಿ ಆರಂಭವಾದ, ಬೆಂಗಳೂರಿನ ನಿಮ್ಹಾನ್ಸ್ ನೇತೃತ್ವದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ (14416) ಕನ್ನಡದಲ್ಲೂ ಉತ್ತರಿಸುತ್ತದೆ.

ಮೂರನೆಯ ಅಧ್ಯಾಯ ದಶಕಗಳಾಚೆಯದು. ಸುಟ್ಟ ಅನ್ನನಾಳದಲ್ಲಿ ಕ್ಯಾನ್ಸರ್ ಹುಟ್ಟುವ ಸಾಧ್ಯತೆ ಇತರರಿಗಿಂತ ಬಹಳ ಹೆಚ್ಚು. ಫಿನ್ಲೆಂಡಿನ ಹಳೆಯ ರೋಗಿಗಳಲ್ಲಿ ಸುಮಾರು ನಲವತ್ತು ವರ್ಷಗಳ ಬಳಿಕ ಅದು ಕಾಣಿಸಿಕೊಂಡಿತ್ತು. ಆದ್ದರಿಂದ ಹದಿನೈದು–ಇಪ್ಪತ್ತು ವರ್ಷಗಳ ನಂತರ ನಿಯತವಾಗಿ ಎಂಡೋಸ್ಕೋಪಿ ಮಾಡಿಸಬೇಕೆನ್ನುತ್ತಾರೆ. ಆ ಹೊತ್ತಿಗೆ ರೋಗಿ ಊರು ಬದಲಿಸಿರುತ್ತಾನೆ, ಹಳೆಯ ಫೈಲು ಯಾರ ಬಳಿಯೂ ಇರುವುದಿಲ್ಲ. ನುಂಗಲು ಮತ್ತೆ ಕಷ್ಟವಾದರೆ ಹಳೆಯ ಗಾಯದ ಉಳಿಕೆಯೆಂದೇ ಎಲ್ಲರೂ ಅಂದುಕೊಳ್ಳುತ್ತಾರೆ.